ಎರಡು ನಿಮಿಷ

ಟೊಲೀಡೊ ನಗರಸಭೆಯಲ್ಲಿ ತಲೆಗೆ ಎರಡೇ ನಿಮಿಷ ಮಾತು.
ಮೈಕಿನ ಪಕ್ಕ ಪುಟ್ಟ ದೀಪ: ಹಸಿರು, ಹಳದಿ, ಕೆಂಪು.

ಲುವೀನಿಯಾ ಪ್ರುಯಿಟ್, ಶಾಲಾ ಬಸ್ಸಿನ ಡ್ರೈವರು,
ಚೀಲದಿಂದ ತೆಗೆದಿಟ್ಟಳು ಸುಟ್ಟ ಬಲ್ಬೊಂದನ್ನು.
"ನಾಲ್ಕು ಡಾಲರಿನ ಮಾಲು.
ಕಾರಿನ ಹಿಂದೆ ಇದು ಉರಿಯಲಿಲ್ಲವೆಂದು
ನನ್ನ ಮಗನನ್ನು ನಡುರಾತ್ರಿ ಹಿಮದಲ್ಲಿ ಮಂಡಿಯೂರಿಸಿದರು.
ಬದುಕಿದ್ದಾನೆ.
ಅದಕ್ಕೇ ಅವನ ಹೆಸರು ನೀವು ಕೇಳಿಲ್ಲ."

ಯಾರೋ ಕೆಮ್ಮಿದರು. ಯಾರೋ ಹಾಳೆ ಮಗುಚಿದರು:
ತಡೆದದ್ದು ಕಪ್ಪುಜನ ಇಷ್ಟು, ಬಿಳಿಜನ ಇಷ್ಟು.
ಹಿಂದಿನ ಸಾಲಿನ ಮುದುಕ ಗೊಣಗಿದ,
"ಪೊಲೀಸರಿಲ್ಲದೆ ನನ್ನ ಅಂಗಡಿ ಕಾಯೋರ್ಯಾರು?"
ಅವನದೂ ಸುಳ್ಳಲ್ಲ, ಮೂರು ಸಲ ಗಾಜು ಹಾಕಿಸಿದ್ದಾನೆ.

ಅವಳು ಬಾಗಿಲ ಪೇದೆಯತ್ತ ತಿರುಗಿದಳು.
"ಡೆಲ್ಬರ್ಟ್, ಮೂರನೇ ಸೀಟು.
ದಿನಾ ಒಂದು ಕೈಗವಸು ಮರೆತು ಇಳಿಯುತ್ತಿದ್ದೆ,
ಬಸ್ಸು ನಿಲ್ಲಿಸಿ ನಿನ್ನ ಕೂಗುತ್ತಿದ್ದೆ.
ಗಾಡಿ ನಿಲ್ಲಿಸುವುದು ಹೀಗೂ ಉಂಟು, ಮಗೂ."

ಪೇದೆ ನೆಲ ನೋಡಿದ. ಬಲಗೈ
ಸೊಂಟದ ಪಟ್ಟಿಯಿಂದ ಜಾರಿ
ಎಲ್ಲಿರಬೇಕೆಂದು ತಿಳಿಯದೆ ತೂಗಿತು.

ಕೆಂಪು ಹತ್ತಿತು.
ಅರ್ಧ ಮಾತಿನಲ್ಲೇ ತಟ್ಟನೆ ನಿಂತಳು,
ಮೂವತ್ತು ವರ್ಷ ಕೆಂಪಿಗೆ ಬ್ರೇಕು ತುಳಿದ ಕಾಲು.
ಬಲ್ಬು ಮೇಜಿನ ಮೇಲೇ ಉಳಿಯಿತು.
ಮುಂದಿನವರ ಹೆಸರು ಕರೆದರು.