ಮುಖ ನೋಡಿ ತಿನ್ನೋದಿಲ್ಲ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹಗಲು ಹರಾಜಾದ ಒಂದೊಂದು ಲಾಟೂ
ತೂಕ, ದರ, ರೀಲರ ನಂಬರಿನ ಸಮೇತ
ಕತ್ತಲಾದ ಮೇಲೆ ತಂತಿ ಹಿಡಿದು
ಚಿಕ್ಕಬಳ್ಳಾಪುರಕ್ಕೆ ಬರುತ್ತದೆ,
ಜೆರಾಕ್ಸ್ ಅಂಗಡಿಯ ಮೇಲಿನ ಈ ಕೋಣೆಗೆ.
ಇಲ್ಲಿರುವುದು ಎರಡನೆಯದು.
ಯಾರೂ ಇದನ್ನು ಏನೂ ಕೇಳುವುದಿಲ್ಲ.
ಅಲ್ಲಿ ನಡೆದದ್ದನ್ನು ತನ್ನೊಳಗೆ
ಇನ್ನೊಮ್ಮೆ ನಡೆಸಿಕೊಳ್ಳುವುದು, ಅಷ್ಟೇ ಇದರ ಕಸುಬು.

ಮೊದಲ ತಿಂಗಳು ರಿಕವರಿ ಶುರುಮಾಡಿ
ತೆರೆಯ ಮುಂದೆ ಕೂತೇ ಇರುತ್ತಿದ್ದೆ.
ಕರ್ಸರ್ ವಾಪಸ್ಸು ಬರುತ್ತಿರಲಿಲ್ಲ.
ಬುತ್ತಿ ತೊಡೆಯ ಮೇಲೆ. ಬಚ್ಚಲಿಗೂ ಓಟ.
ಒಂದು ರಾತ್ರಿ ನನ್ನ ಮೇಜಿನ ಯುಪಿಎಸ್
ಕೀರಲು ದನಿಯಲ್ಲಿ ಅತ್ತು ಸುಮ್ಮನಾಯಿತು.
ಸರ್ವರು ಬೇರೆ ಬ್ಯಾಟರಿಯ ಮೇಲೆ ಉಸಿರಾಡುತ್ತಲೇ ಇತ್ತು,
ರಿಕವರಿ ಮಾತ್ರ ನನ್ನ ಕಿಟಕಿಯ ಜೊತೆಗೇ ಹೋಗಿತ್ತು.
ಬೆಳಗಿಗೆ ಇನ್ನೂರ ಹದಿಮೂರು ಕಡತ
ತಟ್ಟೆಯಲ್ಲಿ ಬಾಡುತ್ತಿದ್ದವು.

ಇನಾಯತ್ ಸಾಹೇಬರು ಕನ್ನಡಕ ಏರಿಸಿ ನೋಡಿದರು.
ಮೂರು ತಲೆಮಾರು ಹುಳು ಸಾಕಿದ ಮನೆಯವರು.
"ಅಲ್ಲಮ್ಮ ಗಂಗರತ್ನ, ನಾಲ್ಕನೇ ಜ್ವರ ಎದ್ದ ಹುಳಕ್ಕೆ
ಸೊಪ್ಪು ಹಾಕಿದ ಮೇಲೆ ತಟ್ಟೆ ಹಿಡಕೊಂಡು ನಿಂತಿರ್ತೀಯಾ?
ಬಾಗಿಲು ಎಳ್ಕೊಂಡು ಬಾ.
ಅದು ನಿನ್ನ ಮುಖ ನೋಡಿ ತಿನ್ನೋದಿಲ್ಲ."
ಆಜ್ಞೆಯ ಬಾಲಕ್ಕೆ ಒಂದು ಮಾತು ಸೇರಿಸಿದರು,
ನನ್ನಿಂದ ಬಿಡಿಸಿಕೊ ಎಂಬ ಅರ್ಥದ್ದು.

ಕರ್ಸರ್ ತಟ್ಟನೆ ಮರಳಿತು.
ಖಾಲಿ ಸಾಲು. ನಿಂತೇಹೋಯಿತೇನೋ ಎಂದು ಎದೆ ಧಸಕ್ಕೆಂದಿತು.
ಪಟ್ಟಿ ತೆಗೆದು ನೋಡಿದೆ:
೪೪೭೧ ತಿಂದಿದೆ. ಮತ್ತೆ ತೆಗೆದರೆ ೪೪೭೪.
ಸದ್ದಿಲ್ಲ. ಹುಳದ ಮನೆಯಲ್ಲಾದರೂ
ಎಲೆ ಹರಿಯುವ ಚರಚರ ಇರುತ್ತದೆ.

ಈಗ ರಾತ್ರಿ ಹನ್ನೊಂದಕ್ಕೆ ಕೆಳಗಿಳಿದು
ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತೇನೆ.
ಬಾಗೇಪಲ್ಲಿಯ ಕೊನೆಯ ಬಸ್ಸಿನ ಕಂಡಕ್ಟರು
ಚಿಲ್ಲರೆಯನ್ನು ತೆಲುಗಿನಲ್ಲಿ ಎಣಿಸುತ್ತಾನೆ.
ಮೇಲಿನ ಕೋಣೆಗೆ ಬೀಗ.

ಒಂದು ವಿಷಯ ಮಾತ್ರ ಇನ್ನೂ ಕಲಿಯಲಾಗಿಲ್ಲ ನನಗೆ.
ನಡುವೆ ಒಂದೇ ಒಂದು ಸಂಖ್ಯೆ ತಪ್ಪಿದರೂ
ಮುಂದಿನ ಐವತ್ತು ಬಾಯಿಗೇ ಬಂದು ಬಿದ್ದಿದ್ದರೂ
ಅದು ಮುಟ್ಟುವುದಿಲ್ಲ.
ನಾನಾಗಿದ್ದರೆ ಹಾರಿಸಿಬಿಡುತ್ತಿದ್ದೆ,
ಎಷ್ಟೋ ಸಲ ಹಾರಿಸಿದ್ದೇನೆ.

ಬೆಳಗಿನ ಜಾವ ಬೀಗ ತೆಗೆದರೆ ಎಲ್ಲ ಮುಗಿದಿರುತ್ತದೆ.
ಒಂದೇ ಸಾಲು: ೫೧೦೯ಕ್ಕಾಗಿ ಕಾಯುತ್ತಿದೆ.
ಶಿಡ್ಲಘಟ್ಟದಲ್ಲಿ ಆಗಿನ್ನೂ ಯಾರೋ
ಮೊದಲ ಚೀಲದ ಬಾಯಿಕಟ್ಟು ಬಿಚ್ಚುತ್ತಿರಬೇಕು.