ಹೊಣೆ ಎಂಬ ಕಾಲಂ

ಫೆಬ್ರವರಿಯಲ್ಲೇ ಬರೆದು ಮುಗಿಸಿದ್ದೆ
ಮೂರು ವರ್ಷದ ಸುಧಾರಣಾ ಯೋಜನೆ, ನಲವತ್ತೆರಡು ಪುಟ.
ಗುರಿ, ಕ್ರಮ, ಗಡುವು, ಪುರಾವೆ, ಹೊಣೆ:
ಐದು ಕಾಲಂ, ಒಂದೂ ಖಾಲಿಯಿಲ್ಲ.
ಇನ್ವರ್‌ಕ್ರೇಗ್ ಪ್ರೌಢಶಾಲೆಯ ಉಪಮುಖ್ಯಸ್ಥೆ ನಾನು,
ಖಾಲಿ ಚೌಕ ಕಂಡರೆ ಕೈ ಸುಮ್ಮನಿರದು.
ಪ್ರತಿಗಳಿಗೆ ರಟ್ಟು ಹಾಕಿಸಿದ ದಿನ
ಕಡಲಿನಿಂದ ಮಂಜು ಎದ್ದು ಬಂದು
ಬಂದರನ್ನೂ ದೋಣಿಗಳನ್ನೂ ನುಂಗಿಕೊಂಡಿತು.
ಇಲ್ಲಿ ಅದು ದಿನದ ಮಾತು. ಶಕುನ ಅಂತ ಯಾರೂ ಅನ್ನಲಿಲ್ಲ.

ಮಾರ್ಚ್ ಇಪ್ಪತ್ತು, ಶುಕ್ರವಾರ.
ಗಂಟೆ ಹೊಡೆಯಿತು, ಮಕ್ಕಳು ಹೋದರು.
ಸೋಮವಾರ ಬೆಳಿಗ್ಗೆಯೂ ಹೊಡೆಯಿತು.
ಗಂಟೆಗೆ ಹೇಳುವುದನ್ನು ಮರೆತಿದ್ದೆವು.

ಮೂವತ್ತನಾಲ್ಕು ವರ್ಷ ಮರಗೆಲಸ ಕಲಿಸಿದ ಇನ್ನಿಸ್ ರೆನಿ
ಫೋನನ್ನು ಸೌಟಿಗೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದು
ಅಡುಗೆಮನೆಯ ಮೇಜಿನ ಮೇಲೆ
ಎರಡು ಹಲಗೆ ಮೊಳೆಯಿಲ್ಲದೆ ಬೆಸೆದು ತೋರಿಸಿದ,
ಇಪ್ಪತ್ತಾರು ಕಪ್ಪು ಚೌಕಗಳಿಗೆ.
ಕೇಳಿಸ್ತಿದೆಯಾ, ಅಂದ.
ಹೇಗೆ ಕೇಳಿಸೀತು? ಅರ್ಧ ಗಂಟೆಯಿಂದ
ತನ್ನ ಧ್ವನಿಯನ್ನು ತಾನೇ ಮುಚ್ಚಿಟ್ಟುಕೊಂಡಿದ್ದ.

ಅವನಿಗೆ ಕಲಿಸಲು ಹೋದವಳು ನಾಹೀದ್,
ಕೆಲಸಕ್ಕೆ ಸೇರಿ ವರ್ಷ ತುಂಬದ ಗ್ಲಾಸ್ಗೋ ಹುಡುಗಿ.
ಕೈಹಿಡಿದು ತಿದ್ದಿಸುವ ಕಾಲವಲ್ಲ.
ಕಿಟಕಿಯಾಚೆ ಹೂಕುಂಡದ ಪಕ್ಕ ನಿಂತು
ಗಾಜಿಗೆ ಉಸಿರು ಊದಿ, ಬೆರಳಿನಲ್ಲಿ
ಯಾವ ಗುಂಡಿ, ಎಲ್ಲಿ, ಎಂದು ಬರೆದಳು.
ಒಳಗಿನಿಂದ ಅವನಿಗೆ ಅದು ತಿರುಗುಮುರುಗಾಗಿ ಕಂಡಿತು.
ಓದಿಕೊಂಡ.
ಸಿಬ್ಬಂದಿ ತರಬೇತಿ, ಒಂದು ಗಂಟೆ:
ನಾನು ದಾಖಲಿಸಿದೆ.

ಮೇ ತಿಂಗಳ ತರಬೇತಿ ದಿನಕ್ಕೆ
ಎಡಿನ್‌ಬರೋದಿಂದ ಪರಿಣತರೊಬ್ಬರು, ಪರದೆಯ ಮೇಲೆ.
ವಿಷಯ: ಸಂಕಷ್ಟದಲ್ಲಿರುವ ಮಗುವನ್ನು ಗುರುತಿಸುವುದು.
ಬಣ್ಣಬಣ್ಣದ ಬಾಣಗಳು, ವೃತ್ತದೊಳಗೆ ವೃತ್ತ.
ಆಹ್ವಾನ ಕಳಿಸುವಾಗ 'ಎಲ್ಲರಿಗೂ' ಒತ್ತಿದ್ದೆ, ಕಣ್ತಪ್ಪಿ.
ಹಾಗಾಗಿ ಜವಾನ ಡಾಡ್ ಮೇರ್ ಕೂಡ ಬಂದಿದ್ದ.
ಟೋಪಿಯ ಅಂಚು, ಅರ್ಧ ಹಣೆ,
ಹಿಂದೆ ಬಾಯ್ಲರ್ ಕೋಣೆಯ ಪೈಪುಗಳು.

ಪ್ರಶ್ನೆಗಳಿವೆಯೇ ಎಂದರು. ಯಾವತ್ತಿನ ಮೌನ.
'ನಾ ಬರಬಾರದಿತ್ತೇನೋ,' ಅಂದ ಡಾಡ್.
'ಏಳೂಕಾಲಿಗೆ ನಾ ಬಾಯ್ಲರ್ ಹಚ್ಚೋದು.
ಅಷ್ಟೊತ್ತಿಗೇ ಬಾಗಿಲ ಹತ್ರ ಐದು ಜನ, ಚಳಿಗಾಲಕ್ಕೆ ಏಳು.
ಮಾತಿಲ್ಲ ಕತೆಯಿಲ್ಲ, ಪೈಪಿಗೆ ಬೆನ್ನು ಕೊಟ್ಟು ನಿಲ್ತವೆ.
ಒಂದು ಹುಡುಗಿ ಕಾಲುಚೀಲ ಒಣಗಿಸ್ಕೋತಾಳೆ.
ಅಲ್ಲಾ, ಈಗ ಅವು ಬೆಳಿಗ್ಗೆ ಎಲ್ಲಿ ನಿಲ್ತವೆ?'

ಹೆಸರು ಹೇಳಿದ. ಏಳೂ.
ನನ್ನ ಪಟ್ಟಿಯಲ್ಲಿದ್ದದ್ದು ಎರಡು.
ಮೂರನೆಯವನು ನನ್ನದೇ ಗಣಿತದ ತರಗತಿಯಲ್ಲಿ ಮೊದಲಿಗ,
ಮೊದಲ ಬೆಂಚು, ಇಸ್ತ್ರಿ ಮಾಡಿದ ಕಾಲರು.
ನಲವತ್ತೆರಡು ಪುಟ ನನ್ನ ತೊಡೆಯ ಮೇಲಿತ್ತು.
ಕ್ಯಾಮೆರಾ ಆರಿಸಿ
ತುಸು ಹೊತ್ತು ಗೋಡೆ ನೋಡುತ್ತ ಕೂತೆ.

ಕೌನ್ಸಿಲ್ಲಿನ ಅನುಮತಿಗೆ ಮೂರು ವಾರ ಹಿಡಿಯಿತು.
ಆ ಮೂರು ವಾರ ಹಿಂಬಾಗಿಲಿಗೆ ಬೀಗ ಹಾಕುವುದನ್ನು
ಡಾಡ್ ದಿನವೂ ಮರೆಯುತ್ತಿದ್ದ.
ಇನ್ನಿಸ್ ಆರು ಬೆಂಚು ಮಾಡಿ ತಂದಿಟ್ಟ, ಎರಡೆರಡು ಮೀಟರಿಗೊಂದು.
ಏಳು ಬೇಕಲ್ಲ ಎಂದೆ.
ಆರೇ ಬರ್ತಾರೆ, ಅಂದ ಡಾಡ್, ನನ್ನತ್ತ ನೋಡದೆ.

ಹೊಸ ಯೋಜನೆ ಒಂದೂವರೆ ಪುಟ.
ಅದರಲ್ಲೂ ಕಾಗುಣಿತದ ತಪ್ಪಿದೆ, ಇರಲಿ.
ಕೊನೆಗೊಮ್ಮೆ ಇನ್‌ಸ್ಪೆಕ್ಟರು ಬಂದರು, ಮಾಸ್ಕಿನ ಮೇಲೆ ಕನ್ನಡಕ,
ಕನ್ನಡಕದ ಮೇಲೆ ಹಬೆ.
'ಹೊಣೆ: ಡಿ. ಮೇರ್. ಯಾವ ವಿಷಯದ ಅಧ್ಯಾಪಕರು?'
ಉತ್ತರ ಹೇಳದೆ ಕೆಳಗೆ ಕರೆದುಕೊಂಡು ಹೋದೆ.

ಬಾಯ್ಲರ್ ಗುಟುಗುಟು ಅನ್ನುತ್ತಿತ್ತು.
ಪೈಪಿನ ಮೇಲೆ ಒಂದು ಜೊತೆ ಬೂದು ಕಾಲುಚೀಲ,
ಒಣಗಿ ಒಣಗಿ ಹಲಗೆಯಂತಾಗಿದೆ.
ಎರಡು ವರ್ಷವಾಯಿತು, ಡಾಡ್ ಅದನ್ನು ತೆಗೆಯುವುದಿಲ್ಲ.
ಇನ್‌ಸ್ಪೆಕ್ಟರು ಪೆನ್ನು ತೆಗೆದರು,
ಏನು ಬರೆಯಲಿ ಎಂಬಂತೆ ನನ್ನನ್ನು ನೋಡಿದರು.