ಹಾರೆಯ ಸದ್ದು ಬದಲಾಗುವ ಜಾಗ

ಒಂಬತ್ತನೇ ಕ್ಲಾಸಿಗೆ ಮಣ್ಣಿನ ಪಾಠ.
ಹಲಗೆಯ ಮೇಲೆ ನಾನು ಬರೆದ ಪದರ ಮೂರು,
ಬಣ್ಣದ ಸೀಮೆಸುಣ್ಣದಲ್ಲಿ, ಸ್ಕೇಲಿಟ್ಟು, ನೆಟ್ಟಗೆ.
ಹಿಂದಿನ ಬೆಂಚಿನಿಂದ ಲಿಖಿತ್: "ಮಿಸ್,
ನಮ್ಮ ತಾತ ಬಾವಿ ತೋಡಿದಾಗ
ಯಾವತ್ತೂ ಹೀಗೆ ನೆಟ್ಟಗೆ ಸಿಗಲಿಲ್ಲವಂತೆ."

ಹಾಗೆ ಬಂದರು ತಿರುಮಲಬೋವಿ
ಗೊರೂರು ರಸ್ತೆಯ ನಮ್ಮ ಶಾಲೆಗೆ,
ಗೇಟು ದಾಟುವ ಮೊದಲು
ಬೀಡಿಯನ್ನು ಕಲ್ಲಿಗೊತ್ತಿ ಆರಿಸಿ
ಉಳಿದರ್ಧ ಕಿವಿಗೆ ಸಿಕ್ಕಿಸಿಕೊಂಡು.
ತೋಡಿದ ಬಾವಿ ನಲವತ್ತೊಂದು.
ಎರಡು ಕುಸಿದವು. ಒಂದರಲ್ಲಿ ತಮ್ಮನಿದ್ದ,
ಅದನ್ನು ಮಕ್ಕಳ ಮುಂದೆ ಹೇಳಲಿಲ್ಲ.

ಮೈದಾನದ ತಗ್ಗಿನ ಮೂಲೆಯಲ್ಲಿ ಗುಂಡಿ.
ನನ್ನ ಕೈಯಲ್ಲಿ ಟೇಪು, ಕೆಂಪು ಲಿಟ್ಮಸ್ಸಿನ ಚೂರು,
ಆಸಿಡ್ಡಿನ ಪುಟ್ಟ ಸೀಸೆ.
ಅವರದ್ದು ಹಾರೆ, ಮತ್ತೆ ನಾಲಗೆ.
ಹೌದು, ನಾಲಗೆ. ಚಿಟಿಕೆ ಮಣ್ಣು ಬಾಯಿಗಿಟ್ಟು
"ಸವುಳು" ಅಂದರು, ಉಗಿದರು.
ಲಿಟ್ಮಸ್ಸು ಆಮೇಲೆ ನೀಲಿಯಾಯಿತು,
ಪ್ರಾರ್ಥನೆ ಮುಗಿದ ಮೇಲೆ ಓಡಿಬಂದು
ಸಾಲಿನ ಕೊನೆಗೆ ನಿಂತವನ ಹಾಗೆ.

"ಇದು ಕೆಬ್ಬೆ. ಕೆಳಗೆ ಗರಸು.
ಅದರಡಿ ಸುದ್ದೆ, ಗೋಡೆಗೆ ಬಳಿಯೋದು.
ಕಲ್ಲು ಕೊಳೆತರೆ ಸುದ್ದೆ ಕಣವ್ವ."
ನಾನು ಬಿಎಸ್ಸಿಯ ಮೂರನೇ ವರ್ಷ ಕಲಿತದ್ದು:
ಫೆಲ್ಡ್‌ಸ್ಪಾರ್, ನೀರು, ಒಂದು ಬಾಣ, ಕೆಯೊಲಿನ್.
ಸಮೀಕರಣ ಸರಿಯಾಗಿಯೇ ಇತ್ತು.
ಕೊಳೆಯುವುದಕ್ಕೆ ವಾಸನೆ ಇರುತ್ತದೆಂದು
ಆ ಬಾಣ ಹೇಳಿರಲಿಲ್ಲ.

ನೀರಿನ ಮಾತು ಬಂದಾಗ ಜಗಳ.
ಕವಲೊಡೆದ ಬೇವಿನ ಕಡ್ಡಿ ಹಿಡಿದು ನಡೆದರು,
ಕಡ್ಡಿ ಬಾಗಿತು, ಮಕ್ಕಳು ಹೋ ಎಂದರು.
ನಾನು ಬಿಡಲಿಲ್ಲ. ಕಣ್ಣಿಗೆ ಟವೆಲ್ಲು ಕಟ್ಟಿ
ಹತ್ತು ಸಲ ನಡೆಸಿದೆವು, ಬಾಗಿದಲ್ಲೆಲ್ಲ ಗೂಟ ನೆಟ್ಟೆವು.
ಹತ್ತು ಗೂಟ, ಹತ್ತು ಕಡೆ.
ಯಾರೂ ನಗಲಿಲ್ಲ. ನನಗೆ ನಾಚಿಕೆ,
ಗೆದ್ದದ್ದಕ್ಕೆ.

ಟವೆಲ್ಲು ಬಿಚ್ಚಿ ಅವರೇ ನಕ್ಕರು:
"ಕಡ್ಡಿ ದುಡ್ಡು ಕೊಡೋ ಯಜಮಾನ್ರಿಗೆ, ಟೀಚರಮ್ಮ.
ನಾ ನೋಡೋದು ಹುತ್ತ, ಅತ್ತಿಮರ,
ಬಿರುಬೇಸ್ಗೇಲೂ ಹಸುರು ಬಿಡದ ಗರಿಕೆ.
ಬರೀ ಕಣ್ಣಲ್ಲಿ ನೋಡಿ ಹೇಳ್ದೆ ಅಂದ್ರೆ
ಕೂಲಿ ಯಾರು ಕೊಡ್ತಾರೆ?
ಪೂಜೆ ಆಗೋಗಂಟ ನೀರು ನಂದು.
ಆದ್ಮೇಲೆ ಅವರ ಬಿಂದಿಗೆ, ನನ್ನ ಬೊಗಸೆ."

ಇಂಚರ ನೋಟ್‌ಬುಕ್ಕಿನಲ್ಲಿ
ಕಡ್ಡಿ ಎಂದು ಬರೆದು ಹೊಡೆದು ಹಾಕಿದಳು.
ಕೆಳಗೆ ಹುತ್ತ ಎಂದು ಬರೆದು
ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ:
"ಇದನ್ನೂ ನೋಡಬೇಕಲ್ಲವಾ ಮಿಸ್?"
"ನೋಡಲೇಬೇಕು" ಎಂದವರು ಬೋವಿ.

ಬೆಲ್ಲು ಹೊಡೆಯುವ ಹೊತ್ತಿಗೆ
ಹಾರೆಯ ದಪ್ ದಪ್ ನಿಂತು ಠಣ್ ಎಂದಿತು.
"ತಾಯಿಬಂಡೆ" ಅಂದರು.
ಪುಸ್ತಕದಲ್ಲಿ ಮಾತೃಶಿಲೆ.
ಒಂದೇ ತಾಯಿ, ಮದುವೆ ಮನೆಗೆ ಸೀರೆ ಬದಲಿಸಿದ್ದಳು.
"ಇದರ ವಯಸ್ಸು ಐತಾ ಅದರಾಗೆ?"
"ಮುನ್ನೂರ ಮೂವತ್ತು ಕೋಟಿ ವರ್ಷ, ಹೆಚ್ಚುಕಡಿಮೆ."
"ಎಣಿಸಿದೋರು ಯಾರು?"

ಹೇಳಿದೆ: ಕಲ್ಲಿನೊಳಗೊಂದು ಹರಳು,
ಸಾಸಿವೆಗಿಂತ ಸಣ್ಣದು, ಕರಗದ್ದು.
ಅದರ ಹೊಟ್ಟೆಯಲ್ಲಿ ಯುರೇನಿಯಂ
ಸೀಸವಾಗುತ್ತಾ ಬಂದ ಲೆಕ್ಕ.
ಬಹಳ ಹೊತ್ತು ಸುಮ್ಮನಿದ್ದರು.
ಹಾರೆಯನ್ನು ಊರಿ ನಿಲ್ಲಿಸಲಿಲ್ಲ,
ನೆಲದ ಮೇಲೆ ಮೆಲ್ಲಗೆ ಮಲಗಿಸಿದರು.
"ಇಷ್ಟು ಹಿರೀಕರಿಗೆ
ಇಷ್ಟು ದಿನ ಹೊಡ್ಕಂಡು ಬಂದ್ನಲ್ಲ."

ಅರ್ಧವಾರ್ಷಿಕದಲ್ಲಿ ಎರಡು ಅಂಕದ ಪ್ರಶ್ನೆ:
ಸಿ ಪದರ ಎಂದರೇನು?
ಶಿಥಿಲಗೊಂಡ ಶಿಲಾ ತುಣುಕುಗಳ ಪದರ,
ಇಪ್ಪತ್ತಾರು ಮಕ್ಕಳು ಹಾಗೇ ಬರೆದಿದ್ದಾರೆ.
ಇಂಚರ ಬರೆದದ್ದು:
ತಿರುಮಲಬೋವಿ ತಾತನ ಹಾರೆ
ದಪ್ ಎನ್ನುವುದನ್ನು ಬಿಟ್ಟು
ಇನ್ನೂ ಠಣ್ ಎನ್ನದೆ ಇರುವ ಜಾಗ.
ಎರಡೂ ಅಂಕ ಕೊಟ್ಟೆ.

ಗುಂಡಿ ಮುಚ್ಚಿಸಿ ಎಂದು
ಹೆಡ್‌ಮಾಸ್ಟರು ದಿನಾ ಹೇಳುತ್ತಾರೆ.
ಇರಲಿ ಸಾರ್, ಬೇಸಿಗೆವರೆಗೆ.
ಹುತ್ತದ್ದೊಂದು ಬಾಕಿ ಇದೆ.